ಮಾಬೂಬೀ ಮಕ್ಕಳನ್ನು ಎಗ್ಜಿಬಿಷನ್ನಿಗೆ ಕರೆದೊಯ್ದದ್ದು

ಬೇಸಿಗೆ ಬಂತೆಂದರೆ ಮಾಬೂಬೀಗೆ ಮೂಗು ಒರೆಸಿಕೊಳ್ಳುವುದಕ್ಕೂ ಬಿಡುವಿರುತ್ತಿರಲಿಲ್ಲ. ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ, ಅವಳ ಗಂಡ ಹಯಾತ್ ಸಾಬ್ ಅರಳೆ ಹಿಂಜಿ ಗಾದಿ ಮಾಡುವವನು. ಅದು ಮದುವೆಗಳ ಕಾಲ. ಹೆಣ್ಣಿನ ಕಡೆಯವರು ಹೊಸ ಗಾದಿ, ಜೋಡಿ ದಿಂಬು ಕೊಡಲೇಬೇಕು. ಗಂಡ ಉದ್ದನೆಯ ಬಿಲ್ಲಿಗೆ ಬಿಗಿದ ನರದ ಹುರಿಗೆ ಮರದ ಕೊಡತಿ ಬಡಿದು ಹತ್ತಿ ಹಿಂಜುತ್ತಿದ್ದರೆ ಹೆಂಡತಿ ಚೀಲ ಹೊಲಿದು, ತುಂಬಿ, ದಪ್ಪ ಹೊಲಿಗೆಯ ಟಾಕೆ ಹಾಕುವಳು. ಮನೆಯೆಲ್ಲ ಬೆಳ್ಳಗೆ. ರೊಟ್ಟಿಯ ಮೇಲೂ ಹತ್ತಿಯ ಎಳೆ, ಮಕ್ಕಳ ರೆಪ್ಪೆಯ ಮೇಲೂ ಹತ್ತಿಯ ಎಳೆ.

ಬಿಲ್ಲಿಗೆ ಕೂತವರಿಗೆ ಎರಡು ಕೈಗೂ ಕೆಲಸ. ಮೂಗಿನ ಮೇಲೆ ಎಳೆ ಬಂದು ಕೂತರೆ ಕೈ ಎತ್ತುವಂತಿಲ್ಲ. ಕೆಳತುಟಿಯನ್ನು ಮುಂದಕ್ಕೆ ಚಾಚಿ ಉಸಿರನ್ನು ಮೇಲಕ್ಕೆ ಊದಿ ಹಾರಿಸಬೇಕು. ಅರಳೆ ಹಿಂಜುವವರ ಮನೆಯಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲೇ ಇದನ್ನು ಕಲಿಯುತ್ತವೆ. ಮಾಬೂಬೀಯ ತಂದೆ ಜಮಾಲ್ ಸಾಬರಿಗೆ ಗಂಡುಮಕ್ಕಳಿರಲಿಲ್ಲ; ಹೆಣ್ಣುಮಕ್ಕಳಿಬ್ಬರನ್ನೇ ಬಿಲ್ಲಿಗೆ ಕೂರಿಸಿದ್ದರು. ಮಾಬೂಬೀ ನೆಟ್ಟಗೆ ಒಂದು ಸಲ ಊದುತ್ತಿದ್ದಳು. ತಂಗಿ ಗುಲ್ಷನ್ ಎಡಗಣ್ಣು ಮುಚ್ಚಿ, ಬಾಯಿ ಎಡಕ್ಕೆ ಸೊಟ್ಟ ಮಾಡಿ, ಎರಡು ಸಲ ಊದುವಳು: ಫೂ, ಫೂ. “ಈ ಹುಡುಗಿ ನಮ್ಮ ಒಲೆ ಊದಿದ್ರೆ ಆಚೆ ಮನಿ ಒಲೆ ಹತ್ತಿಕೊಳ್ತೈತೆ” ಎಂದು ಜಮಾಲ್ ಸಾಬರು ನಗುತ್ತಿದ್ದರು.

ಆ ಗುಲ್ಷನ್ ಹೊಳೆಯ ಪಾಲಾಗಿ ಆಗಲೇ ನಾಲ್ಕು ವರ್ಷವಾಗಿತ್ತು. ದಾವಣಗೆರೆಯಲ್ಲಿ ಮಿಲ್ಲಿನ ಕೆಲಸದಲ್ಲಿದ್ದ ಗಂಡ ಮಕ್ತುಮ್ ಸಾಬ್ ಇನ್ನೊಬ್ಬಳನ್ನು ಮನೆಗೆ ತಂದ ಮೇಲೆ ಅವಳು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದಿದ್ದಳು. ಊಟಕ್ಕೆ ಕೂತರೆ ತಟ್ಟೆ ನೋಡುತ್ತ ಕೂತುಬಿಡುವಳು. ಒಂದು ಬೆಳಿಗ್ಗೆ ಮಗುವನ್ನು ಅಕ್ಕನ ಪಕ್ಕದಲ್ಲಿ ಮಲಗಿಸಿ ಹೋದವಳು ತಿರುಗಿ ಬರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸಿಕ್ಕವು. ಬೆಸ್ತರು ಮಡುವುಗಳಲ್ಲೆಲ್ಲ ಬಲೆ ಬೀಸಿ ಹುಡುಕಿದರು, ಮೈ ಸಿಗಲಿಲ್ಲ. ಮಣ್ಣು ಕೊಡುವುದಕ್ಕೆ ಮೈಯೇ ಇಲ್ಲದೆ ಮೂರನೆಯ ದಿನ, ನಲವತ್ತನೆಯ ದಿನದ ಫಾತಿಹಾ ಓದಿಸಿದರು. ಓಣಿಯವರೆಲ್ಲ ಬಂದು ಉಂಡು ಕಣ್ಣೊರೆಸಿಕೊಂಡು ಹೋದರು. ಆ ಚಪ್ಪಲಿಯನ್ನು ಮಾಬೂಬೀ ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಮಗುವಿನ ಹೆಸರು ರಶೀದಾ. ಅದು ಮಾಬೂಬೀಯನ್ನೇ ಅವ್ವಾ ಎನ್ನುತ್ತಿತ್ತು. ಹನ್ನೊಂದರ ಮೌಲಾ, ಒಂಬತ್ತರ ಮೆಹರ್ ಬಾನು ಇಬ್ಬರೂ ಅವಳ ಹೊಟ್ಟೆಯಲ್ಲಿ ಹುಟ್ಟಿದವರು. ಆದರೆ ರಾತ್ರಿ ಅವಳ ಸೆರಗು ಹಿಡಿದು ಮಲಗುತ್ತಿದ್ದದ್ದು ರಶೀದಾ. ನಿನ್ನನ್ನು ಹೆತ್ತವಳು ಬೇರೆ ಎಂದು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ಹೇಳುವ ಕಾಲ ಬರದೇ ಇರಲಿ ಎಂದು ಮಾಬೂಬೀ ನಮಾಜಿನಲ್ಲಿ ಕೇಳಿಕೊಂಡದ್ದೂ ಉಂಟು.

ಎಂಬತ್ತೊಂದರ ಮೇ ತಿಂಗಳಲ್ಲಿ ದಾವಣಗೆರೆಯ ಮೈದಾನದಲ್ಲಿ ಎಗ್ಜಿಬಿಷನ್ ಬಂತು. ಹರಿಹರದ ಗೋಡೆಗಳ ಮೇಲೂ ಬಣ್ಣದ ಕಾಗದ ಅಂಟಿಸಿದರು. ಮಕ್ಕಳು ಊಟ ಬಿಟ್ಟು ಹಟ ಹಿಡಿದವು.

“ದುಡ್ಡು ಕೊಟ್ಟು ಧೂಳು ಕುಡಿಯಾಕೆ ದಾವಣಗೆರಿಗೆ ಯಾಕ ಹೋಗ್ಬೇಕು?” ಹಯಾತ್ ಸಾಬ್ ಬಿಲ್ಲು ನಿಲ್ಲಿಸದೆ ಹೇಳಿದ. “ಇಲ್ಲೇ ಕೂಡ್ರಿ. ಪುಕ್ಕಟೆ ಐತೆ.”

“ನಿಮ್ಮ ದುಡ್ಡು ಯಾರು ಕೇಳಿದ್ರು?” ಎಂದಳು ಮಾಬೂಬೀ. “ದಿಂಬಿನ ಚೀಲ ಹೊಲಿದಿದ್ದು ನನ್ನತ್ರ ಐತೆ.”

ಅವಳ ಲೆಕ್ಕ ಸರಳವಾಗಿತ್ತು. ತಿನ್ನುವುದಕ್ಕೆ ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ. ಒಬ್ಬೊಬ್ಬರಿಗೆ ಒಂದೇ ಒಂದು ಆಟ, ಅವರವರು ಆರಿಸಿದ್ದು. ಕೊನೆಗೆ ನಾಲ್ವರಿಗೂ ಸೇರಿ ಮಂಡಕ್ಕಿ. ತಿರುಗಿ ಬರುವ ರೈಲಿನ ದುಡ್ಡನ್ನು ಸೆರಗಿನ ತುದಿಯಲ್ಲಿ ಬೇರೆ ಗಂಟು ಹಾಕಿ, ಮಕ್ಕಳ ಮುಂದೆ ಹಿಡಿದು ತೋರಿಸಿದಳು. “ನೋಡ್ರಿ, ಇದು ನಮ್ಮ ದುಡ್ಡಲ್ಲ, ರೈಲಿಂದು. ಇದರ ಕಡೆ ಕಣ್ಣು ಹಾಕಿದೋರು ನಡ್ಕೊಂಡು ಬರ್ಬೇಕು.”

ಪ್ಯಾಸೆಂಜರ್ ಗಾಡಿಯಿಂದಿಳಿದು ಮೈದಾನಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಗೇಟಿನಲ್ಲೇ ಮಾಬೂಬೀಗೆ ಮೊದಲ ಏಟು ಬಿತ್ತು. ಒಳಗೆ ಹೋಗುವುದಕ್ಕೂ ಟಿಕೀಟು! ಒಳಗೆ ಹೋದ ಮೇಲಂತೂ ಹೆಜ್ಜೆ ಹೆಜ್ಜೆಗೂ ಅವಳ ಕೈ ಬಾಯಿಗೆ ಹೋಗುತ್ತಿತ್ತು. ಐಸು ಹಾಕಿದ ಬಣ್ಣದ ನೀರಿನ ಬೆಲೆ ಕೇಳಿ, “ಯವ್ವಾ, ಇದಕ್ಕೆ ಒಂದು ದಿಂಬಿನ ಚೀಲ ಬರ್ತೈತೆ!” ಎಂದಳು. ಆಕಾಶದಲ್ಲಿ ತಿರುಗುವ ತೊಟ್ಟಿಲಿನ ಬೆಲೆ ಕೇಳಿ, “ಎರಡು ದಿಂಬು!” ಎಂದಳು. ಮೆಹರ್ ಬಾನು ನಾಚಿ, “ಅವ್ವಾ, ಮೆಲ್ಲಗೆ ಮಾತಾಡು. ನಾವು ದಿಂಬಿನೋರು ಅಂತ ಇಡೀ ದಾವಣಗೆರಿಗೆ ಗೊತ್ತಾಗ್ತೈತೆ” ಎಂದಳು.

“ಗೊತ್ತಾಗ್ಲಿ ಬಿಡು. ನಾಲ್ಕು ಜನ ಗಾದಿ ಮಾಡಿಸಿದ್ರೆ ಬಂದ ಖರ್ಚು ಹುಟ್ತೈತೆ.”

ಮೌಲಾ ದೊಡ್ಡ ತೊಟ್ಟಿಲು ಹತ್ತಿ, ಇಳಿದ ಮೇಲೆ ಹಸಿರು ಮುಖ ಮಾಡಿಕೊಂಡು “ಭಾಳ ಚಲೋ ಐತೆ” ಎಂದ. ಮೆಹರ್ ಬಾನು ಮರದ ಕುದುರೆಯ ಮೇಲೆ ಕೂತು ಸುತ್ತಿ ಬಂದಳು. ರಶೀದಾ ಮಾತ್ರ ಯಾವುದನ್ನೂ ಆರಿಸಲಿಲ್ಲ. ಮೈದಾನದ ಮೂಲೆಯ ಒಂದು ಗುಡಾರದ ಮುಂದೆ ಹೋಗಿ ನಿಂತುಬಿಟ್ಟಿತು. ಗುಡಾರದ ಮುಂದಿನ ಬಟ್ಟೆಯಲ್ಲಿ ತಟ್ಟೆಯ ಮೇಲಿಟ್ಟ ಹೆಂಗಸಿನ ತಲೆಯ ಚಿತ್ರ. ಮುಂಡಾಸು ಸುತ್ತಿದ ಒಬ್ಬ ಮುದುಕ ಮೈಕು ಹಿಡಿದು ಕೂಗುತ್ತಿದ್ದ.

“ಬರ್ರಿ, ಬರ್ರಿ! ಹೊಟ್ಟೆಯಿಲ್ಲ, ಹಸಿವಿಲ್ಲ! ಕಾಲಿಲ್ಲ, ಚಪ್ಪಲಿ ಖರ್ಚಿಲ್ಲ! ಮೈಯಿಲ್ಲದ ಮಾಯಾದೇವಿ! ಕೇಳಿದ್ದಕ್ಕೆ ಉತ್ತರ ಕೊಡ್ತಾಳೆ, ಬರ್ರಿ!”

“ನನಗೆ ಇದೇ ಬೇಕು” ಎಂದಿತು ರಶೀದಾ.

“ರಾತ್ರಿ ಹೆದರ್ಕೊಂತಿ, ಬ್ಯಾಡ.”

“ನೀನು ಬಾಜೂಕ ಇರ್ತೀಯಲ್ಲ.”

ಮಾಬೂಬೀ ಮುದುಕನ ಹತ್ತಿರ ಚೌಕಾಶಿಗೆ ನಿಂತಳು. ಅವನ ಹೆಸರು ದುರುಗಣ್ಣ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ. “ಅಣ್ಣಾರ, ಸಣ್ಣ ಹುಡುಗ್ರು. ತೊಡೆ ಮ್ಯಾಲೆ ಕೂಡಿಸ್ಕೊಂತೀನಿ.”

“ಇಲ್ಲಿ ಕೂಡೋದೇನೈತೆ ತಾಯಿ, ಎಲ್ಲಾರೂ ನಿಂತು ನೋಡೋದು.”

“ಹಂಗಾದ್ರೆ ಕಂಕುಳಾಗ ಎತ್ಕಂತೀನಿ. ಒಳಗಿರೋದೂ ಬರೀ ತಲೆ; ಅರ್ಧ ಹೆಂಗಸಿಗೆ ಪೂರಾ ಟಿಕೀಟು ಯಾಕ?”

ದುರುಗಣ್ಣ ಮೈಕು ಮುಚ್ಚಿಕೊಂಡು ನಕ್ಕ. ಎರಡು ಟಿಕೀಟಿಗೆ ನಾಲ್ವರನ್ನೂ ಬಿಟ್ಟ.

ಒಳಗೆ ಕತ್ತಲು, ಸೆಕೆ, ಜನರ ಬೆವರಿನ ವಾಸನೆ. ಪರದೆ ಸರಿಯಿತು. ನಾಲ್ಕು ಕಾಲಿನ ಒಂದು ಮೇಜು. ಮೇಜಿನ ಕೆಳಗೆ ಖಾಲಿ; ಹಿಂದಿನ ಕೆಂಪು ಬಟ್ಟೆ ನಿಚ್ಚಳವಾಗಿ ಕಾಣುತ್ತಿತ್ತು. ಮೇಜಿನ ಮೇಲೆ ಹಿತ್ತಾಳೆಯ ತಟ್ಟೆ, ತಟ್ಟೆಯ ತುಂಬ ಚೆಂಡುಹೂವು, ಹೂವಿನ ನಡುವೆ ಒಂದು ತಲೆ. ಮುಖಕ್ಕೆ ಗೋಡೆಗೆ ಬಳಿದಂತೆ ಪೌಡರು, ಹಣೆಯಲ್ಲಿ ರೂಪಾಯಿಯಗಲದ ಕುಂಕುಮ. ತಲೆ ಕಣ್ಣು ತೆರೆಯಿತು. ಹೆಂಗಸರು ಕಿರುಚಿದರು. ಮಾಬೂಬೀ “ಯಾ ಅಲ್ಲಾ” ಎಂದು ರಶೀದಾಳನ್ನು ಎದೆಗವಚಿಕೊಂಡಳು.

“ಏನ್ ಬೇಕಾದ್ರೂ ಕೇಳ್ರಿ” ಎಂದ ದುರುಗಣ್ಣ.

“ನಿನ್ನ ಊರು ಯಾವುದು?” ಯಾರೋ ಕೇಳಿದರು.

“ಮಾಯಾಪುರಿ” ಎಂದಿತು ತಲೆ, ನಾಟಕದವರ ಹಾಗೆ ರಾಗ ಎಳೆದು.

“ಮದುವಿ ಆಗ್ತೀಯಾ?” ಒಬ್ಬ ಪಡ್ಡೆ ಹುಡುಗ ಕೂಗಿದ.

“ಎತ್ಕೊಂಡು ತಿರುಗೋ ಧೈರ್ಯ ಇದ್ರೆ ಮುಂದೆ ಬಾ.”

ಜನ ಹೋ ಎಂದು ನಕ್ಕರು. ಅಷ್ಟರಲ್ಲಿ ಹೂವಿನಿಂದ ಎದ್ದ ಒಂದು ನೊಣ ತಲೆಯ ಮೂಗಿನ ಮೇಲೆ ಕೂತಿತು. ಓಡಿಸುವುದಕ್ಕೆ ಕೈಯಿಲ್ಲ. ತಲೆ ಎಡಗಣ್ಣು ಮುಚ್ಚಿತು. ಬಾಯಿ ಎಡಕ್ಕೆ ಸೊಟ್ಟಗಾಯಿತು. ಕೆಳತುಟಿ ಮುಂದೆ ಬಂತು.

ಫೂ, ಫೂ.

ಮಾಬೂಬೀಗೆ ಜನರ ಗದ್ದಲ ಕೇಳಿಸಲಿಲ್ಲ. ಕಂಡದ್ದು ಆ ಸೊಟ್ಟ ಬಾಯಿ ಮಾತ್ರ. ಪೌಡರಿನ ಅಡಿಯಿಂದ ಒಂದು ಗಲ್ಲ ಎದ್ದು ಬಂತು, ಒಂದು ಹುಬ್ಬು ಎದ್ದು ಬಂತು. ನಾಲ್ಕು ವರ್ಷ ಅವಳು ಮೈ ಸಿಗಲಿಲ್ಲವೆಂದು ಅತ್ತಿದ್ದಳು. ಈಗ ಇಲ್ಲಿ ಮೈಯಿಲ್ಲದ ತಲೆ ತಟ್ಟೆಯ ಮೇಲೆ ಕೂತು ಊದುತ್ತಿತ್ತು. ಹೊಳೆ ಮೈಯನ್ನು ಇಟ್ಟುಕೊಂಡು ತಲೆಯನ್ನು ಮಾತ್ರ ತಿರುಗಿ ಕೊಟ್ಟಿತೇ? ಒಂದು ಗಳಿಗೆ ಅವಳು ಅದನ್ನೇ ನಂಬಿದಳು.

ಕಂಕುಳಲ್ಲಿದ್ದ ರಶೀದಾಗೆ ಖುಷಿಯೋ ಖುಷಿ. “ಅವ್ವಾ, ಅದು ನನ್ನಂಗೇ ಊದ್ತೈತೆ!” ಎಂದು ತಾನೂ ಎಡಗಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ ಊದಿತು. ಫೂ, ಫೂ.

ತಲೆ ಆ ಕಡೆ ತಿರುಗಿತು. ಮಗುವನ್ನು ನೋಡಿತು. ಮಗುವನ್ನು ಎತ್ತಿಕೊಂಡವಳನ್ನು ನೋಡಿತು. ತೆರೆದ ಬಾಯಿ ಹಾಗೇ ಉಳಿಯಿತು.

“ಹೇಳು, ನೀನು ಏನು ತಿಂತೀಯಾ?” ಯಾರೋ ಕೇಳುತ್ತಿದ್ದರು. ಉತ್ತರ ಬರಲಿಲ್ಲ. ದುರುಗಣ್ಣ ಗಡಿಬಿಡಿಯಿಂದ ಪರದೆ ಎಳೆದು, “ಮಾಯಾದೇವಿಗೆ ದಣಿವಾಗೈತೆ. ಮುಂದಿನ ಆಟ ಸ್ವಲ್ಪ ತಡೆದು” ಎಂದ.

ಹೊರಗೆ ಬಂದ ಮಾಬೂಬೀ ಬೇಲಿಯ ಗೂಟ ಹಿಡಿದು ಕೂತುಬಿಟ್ಟಳು. ಮೌಲಾ ನೀರು ತಂದುಕೊಟ್ಟ. “ತೊಟ್ಟಿಲು ಹತ್ತಿದೋನು ನಾನು, ತಲೆ ತಿರುಗಿದ್ದು ನಿನಗಾ?” ಎಂದ.

ಸಂಜೆಯ ಗಾಡಿಗೆ ಹೊತ್ತಾಗುತ್ತಿತ್ತು. ಈಗ ಎದ್ದರೆ ಮಕ್ಕಳನ್ನು ಕರೆದುಕೊಂಡು ಸ್ಟೇಷನ್ನಿಗೆ ನಡೆದುಬಿಡಬಹುದು. ಕಂಡದ್ದು ತನಗೊಬ್ಬಳಿಗೇ. ಊರಿನವರ ಲೆಕ್ಕದಲ್ಲಿ ಗುಲ್ಷನ್ ತೀರಿಕೊಂಡಾಗಿದೆ. ತೀರಿಕೊಂಡವಳು ಹಾಗೇ ಇದ್ದರೆ ರಶೀದಾ ತನ್ನವಳು, ಸಾಯುವ ತನಕ ತನ್ನವಳು. ಬದುಕಿದ್ದಾಳೆ ಎಂದು ಒಪ್ಪಿಕೊಂಡರೆ ಇವತ್ತೇ, ಈ ಗುಡಾರದ ಹಿಂದೆಯೇ, ಈ ಮಗುವನ್ನು ಕೆಳಗಿಳಿಸಿ ಕೊಟ್ಟು ಹೋಗಬೇಕಾದೀತು. ಇಂಥ ಲೆಕ್ಕ ತನ್ನ ತಲೆಯಲ್ಲಿ ಹುಟ್ಟಿತಲ್ಲ ಎಂದು ಮಾಬೂಬೀ ಬೆಚ್ಚಿದಳು. ತಂಗಿ ಸಿಕ್ಕಳು ಎಂದು ಕುಣಿಯಬೇಕಾದವಳು, ತಂಗಿ ಸತ್ತೇ ಇರಲಿ ಎಂದು ಕೂತಿದ್ದಳು.

ರಶೀದಾ ಅವಳ ಸೆರಗಿನ ಗಂಟಿನ ಜೊತೆ ಆಡುತ್ತಿತ್ತು. ಮಾಬೂಬೀ ಗಂಟನ್ನು ಮೆಲ್ಲಗೆ ಬಿಡಿಸಿಕೊಂಡಳು. ಆಮೇಲೆ ಅದನ್ನು ಬಿಚ್ಚಿದಳು.

“ಅವ್ವಾ, ಅದು ರೈಲಿಂದು!” ಮೆಹರ್ ಬಾನು ಕಣ್ಣರಳಿಸಿದಳು.

“ಗೊತ್ತೈತೆ. ಮೌಲಾ, ಇಬ್ಬರ ಕೈಯೂ ಬಿಡಬ್ಯಾಡ. ಇಲ್ಲೇ ಕೂತು ರೊಟ್ಟಿ ತಿನ್ರಿ. ಬಂದೆ.”

ಎರಡನೆಯ ಸಲ ಅವಳು ಎಲ್ಲರಿಗಿಂತ ಮುಂದೆ ನಿಂತಳು. ಪರದೆ ಸರಿಯಿತು. ತಲೆಯ ಕಣ್ಣು ನೇರವಾಗಿ ಅವಳ ಮೇಲೆ ಬಂದು ನಿಂತಿತು. ದುರುಗಣ್ಣ ಕೇಳ್ರಿ ಎನ್ನುವ ಮೊದಲೇ ಮಾಬೂಬೀ ಕೇಳಿಬಿಟ್ಟಳು.

“ಚಪ್ಪಲಿ ಎಲ್ಲಿ ಬಿಟ್ಟು ಬಂದಿ?”

ಜನಕ್ಕೆ ಇದಕ್ಕಿಂತ ತಮಾಷೆ ಬೇಕಿರಲಿಲ್ಲ. ಕಾಲಿಲ್ಲದವಳಿಗೆ ಚಪ್ಪಲಿ! ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ತಲೆಯ ಎರಡೂ ಕಣ್ಣುಗಳಿಂದ ನೀರಿಳಿದು, ಪೌಡರಿನಲ್ಲಿ ಎರಡು ಗೆರೆ ಕೊರೆಯಿತು. ಒರೆಸಿಕೊಳ್ಳುವುದಕ್ಕೆ ಕೈ ಮೇಲೆ ಬರುವಂತಿರಲಿಲ್ಲ. ನೀರು ಗದ್ದದ ತನಕ ಇಳಿದು ಚೆಂಡುಹೂವಿನ ಮೇಲೆ ತೊಟ್ಟಿಕ್ಕಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು.

ದುರುಗಣ್ಣ ಪರದೆ ಎಳೆದ. ಮಾಬೂಬೀಯ ಹತ್ತಿರ ಬಂದು, ಮೈಕಿನಲ್ಲಿಲ್ಲದ ಸಣ್ಣ ದನಿಯಲ್ಲಿ, “ನೀವು ಹರಿಹರದೋರೇನು?” ಎಂದು ಕೇಳಿದ. ಅವಳು ತಲೆಯಾಡಿಸಿದಳು. ಅವನು ಗುಡಾರದ ಹಿಂದಿನ ಬಟ್ಟೆ ಎತ್ತಿ ಹಿಡಿದ.

ಅಲ್ಲಿ ಮೇಜಿನ ಹಿಂಬದಿ ಕಂಡಿತು. ಕಾಲುಗಳ ನಡುವೆ, ಪಕ್ಕದ ಕೆಂಪು ಬಟ್ಟೆಯನ್ನು ತೋರಿಸುವಂತೆ ಓರೆಯಾಗಿ ನಿಲ್ಲಿಸಿದ ಎರಡು ಕನ್ನಡಿ, ಕನ್ನಡಿಯ ಹಿಂದೆ ಮುದುರಿ ಕೂರುವಷ್ಟು ಜಾಗ. ಗುಲ್ಷನ್ ಅದರಿಂದ ಹೊರಗೆ ತೆವಳಿ, ತಗಡಿನ ಪೆಟ್ಟಿಗೆಯೊಂದಕ್ಕೆ ಒರಗಿದ್ದಳು. ಕೈ ಇತ್ತು, ಸೊಂಟ ಇತ್ತು, ಕಾಲಿತ್ತು. ಬಹಳ ಹೊತ್ತು ಮಡಿಚಿದ್ದರಿಂದ ಕಾಲು ಜೋಮು ಹಿಡಿದು ಅವಳಿಗೆ ಏಳುವುದಕ್ಕೇ ಆಗುತ್ತಿರಲಿಲ್ಲ.

ಮಾಬೂಬೀ ಹೋದವಳೇ ಅವಳ ಕಪಾಳಕ್ಕೆ ಬಾರಿಸಿದಳು. ಬಾರಿಸಿದ ಕೈಗೆ ಪೌಡರು ಹತ್ತಿತು. ಆಮೇಲೆ ನೆಲಕ್ಕೆ ಕೂತು ತಂಗಿಯ ಎರಡೂ ಕಾಲನ್ನು ತೊಡೆಯ ಮೇಲೆಳೆದುಕೊಂಡು ತಿಕ್ಕತೊಡಗಿದಳು. ತಿಕ್ಕುತ್ತಲೇ ಇದ್ದಳು.

“ನಿನಗೆ ನಲವತ್ತು ಓದಿಸೀವಿ” ಎಂದಳು. “ಓಣಿ ಮಂದಿಗೆಲ್ಲ ಊಟ ಹಾಕೀವಿ.”

“ಗೊತ್ತೈತೆ ಅಕ್ಕ.”

“ಸಾಯಾಕೆ ಹೋದೋಳು ಚಪ್ಪಲಿ ಬಿಟ್ಟು, ಬದುಕಾಕೆ ಹೋದ್ಯಾ?”

ಗುಲ್ಷನ್ ಅಳು ನುಂಗಿಕೊಂಡು ಹೇಳಿದಳು. “ಸಾಯಾಕೇ ಹೋಗಿದ್ದೆ. ಮೊಣಕಾಲ ತನಕ ಇಳಿದೆ. ನೀರು ಭಾಳ ತಣ್ಣಗಿತ್ತು. ಅಷ್ಟರೊಳಗ ಸೇತುವಿ ಮ್ಯಾಲೆ ಗಾಡಿ ಕೂಗಿತು. ನನಗೆ ಏನಾತೋ, ಎದ್ದು ಓಡಿದೆ. ಸ್ಟೇಷನ್ನಿಗೆ ಹೋಗಿ ನಿಂತಿದ್ದ ಗಾಡಿ ಹತ್ತಿದೆ. ಕಾಲು ಸುಟ್ಟಾಗ ನೋಡ್ಕೊಂಡೆ, ಚಪ್ಪಲಿ ಮರೆತು ಬಂದಿದ್ದೆ.”

ಮರೆತದ್ದು! ಮಾಬೂಬೀಯ ಕೈ ನಿಂತಿತು. ಬೆಸ್ತರ ಬಲೆ, ಫಾತಿಹಾ, ಟ್ರಂಕಿನಲ್ಲಿ ಹತ್ತಿ ಸುತ್ತಿಟ್ಟ ಗಂಟು, ನಾಲ್ಕು ವರ್ಷದ ಅಳು. ಎಲ್ಲವೂ ಮರೆತು ಬಿಟ್ಟ ಒಂದು ಜೊತೆ ಚಪ್ಪಲಿಯಿಂದ.

ಗದಗಿನಲ್ಲಿ ಹಸಿದು ಕೂತಿದ್ದವಳನ್ನು ದುರುಗಣ್ಣನೂ ಅವನ ಹೆಂಡತಿಯೂ ಕರೆದು ಉಣ್ಣಿಸಿದ್ದರಂತೆ. ಅಂದಿನಿಂದ ಮಗಳಂತೆ ನೋಡಿಕೊಂಡಿದ್ದರಂತೆ. ಒಂದು ಊರಿನಲ್ಲಿ ಹರಿಹರದ ಕಡೆಯ ಬಳೆಗಾರ್ತಿ ಸಿಕ್ಕಾಗ ಗುಲ್ಷನ್ ತಾನು ಯಾರೆಂದು ಹೇಳದೆ ಮನೆಯ ಸುದ್ದಿ ವಿಚಾರಿಸಿದ್ದಳು. “ಆಕಿ ಅಂದಳು, ಆ ತಂಗಿ ಸತ್ತಳು, ಅವಳ ಮಗಳು ದೊಡ್ಡಾಕಿನ್ನೇ ಅವ್ವಾ ಅಂತಾಳೆ, ಗುಂಡಗುಂಡಗೆ ಅದಾಳೆ ಅಂತ. ಸತ್ತೋಳು ಎದ್ದು ಬಂದ್ರೆ ಆ ಕೂಸು ಯಾರನ್ನ ಅವ್ವಾ ಅನ್ಬೇಕಕ್ಕ? ಅದಕ್ಕೇ ಬರಲಿಲ್ಲ. ಈ ಸಲ ದಾವಣಗೆರಿ ಬ್ಯಾಡ ಅಂತ ಅಣ್ಣಾರಿಗೆ ಭಾಳ ಹೇಳಿದೆ.”

ಮಾಬೂಬೀ ಬಾಯಿ ತೆರೆಯುವಷ್ಟರಲ್ಲಿ ಗುಡಾರದ ಬಟ್ಟೆಯ ಅಡಿಯಿಂದ ಒಂದು ಪುಟ್ಟ ತಲೆ ತೂರಿ ಬಂತು. ಹಿಂದೆಯೇ, ಆಗಿನಿಂದ ಬಟ್ಟೆಯ ಸಂದಿಯಲ್ಲಿ ಇಣುಕುತ್ತಿದ್ದ ಮೌಲಾನ ಕೂಗು: “ಅವ್ವಾ, ಕೈ ಕೊಸರ್ಕೊಂಡು ಓಡಿದ್ಲು!”

ರಶೀದಾ ಎದ್ದು ನಿಂತು ನೋಡಿತು. ಅವ್ವನ ತೊಡೆಯ ಮೇಲೆ ಮಾಯಾದೇವಿಯ ಕಾಲು! ಮಗುವಿನ ಮುಖ ಹಿಡಿಯಷ್ಟಾಯಿತು.

“ಅವ್ವಾ, ಇದಕ್ಕೆ ಕಾಲು ಐತೆ! ಮೋಸ! ನಮ್ಮ ದುಡ್ಡು ತಿರುಗಿ ಕೊಡ್ಸು!”

ದುರುಗಣ್ಣ ಮುಖ ಆಚೆ ತಿರುಗಿಸಿಕೊಂಡ. ಗುಲ್ಷನ್ ಮಗುವನ್ನು ನೋಡುತ್ತಿದ್ದಳು. ಎತ್ತಿಕೊಳ್ಳಲು ಎದ್ದ ಕೈಗಳು ನಡುವೆಯೇ ನಿಂತು, ಅವಳ ಮಡಿಲಿಗೇ ಬಿದ್ದವು.

“ಇವರು ಯಾರವ್ವಾ?” ರಶೀದಾ ಕೇಳಿತು.

ಮಾಬೂಬೀಗಿಂತ ಮೊದಲು ಗುಲ್ಷನ್ ಹೇಳಿದಳು.

“ನಾನು ನಿನ್ನ ಚಿಕ್ಕವ್ವ.”

ಮಾಬೂಬೀ ತಂಗಿಯ ಮುಖವನ್ನು ನೋಡಿದಳು. ತಾನು ಬೇಲಿಯ ಹತ್ತಿರ ಕೂತು ಮಾಡಿದ ಲೆಕ್ಕಕ್ಕೆ ಆ ಒಂದು ಮಾತು ಹೊಡೆದ ಏಟಿನಷ್ಟು ಗಟ್ಟಿಯಾಗಿ ಯಾರೂ ಅವಳಿಗೆ ಹೊಡೆದಿರಲಿಲ್ಲ. ಅವಳು ಮಗುವನ್ನು ಎಳೆದು ಗುಲ್ಷನಳ ಮಡಿಲಿಗೆ ಕೂರಿಸಿದಳು.

“ಸದ್ಯಕ್ಕೆ ಚಿಕ್ಕವ್ವ” ಎಂದಳು. “ಮುಂದೆ ಹೇಳೋದು ಬಂದಾಗ ನಾವಿಬ್ಬರೂ ಕೂತು ಹೇಳೋಣು. ಎಗ್ಜಿಬಿಷನ್ ಎತ್ತಿದ ದಿನ ನೀನು ಹರಿಹರದಾಗ ಇರ್ಬೇಕು. ಇಲ್ಲಾಂದ್ರೆ ನಾನೇ ಮೈಕು ಹಿಡಿದು ಗುಲ್ಷನ್, ಗುಲ್ಷನ್ ಅಂತ ಹೆಸರು ಕೂಗ್ತೀನಿ.”

“ಭಾವ ಏನಂತಾರೋ?”

“ಅವರಿಗೆ ಬಿಲ್ಲಿಗೆ ಕೂಡೋರು ಬೇಕು. ಮದುವಿ ಕಾಲ.”

ಹೊರಡುವಾಗ ದುರುಗಣ್ಣ ಮೂರು ಟಿಕೀಟಿನ ದುಡ್ಡನ್ನೂ ರಶೀದಾಳ ಅಂಗೈಗೆ ಹಾಕಿದ. “ತಗೋ ಕೂಸೇ, ಕಾಲು ಇದ್ದಿದ್ದು ನಮ್ಮದೇ ತಪ್ಪು.” ಗಾಡಿ ತಪ್ಪಲಿಲ್ಲ. ಮಂಡಕ್ಕಿಯೂ ಆಯಿತು. ಆದರೆ ಮಾಬೂಬೀ ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿದ್ದವು; ಗಂಡನಿಗೆ ಹೇಳುವುದನ್ನು ಅವಳು ಬೆಳಗಿಗೆ ಇಟ್ಟುಕೊಂಡಳು.

ಬೆಳಿಗ್ಗೆ ಎದ್ದು ಟ್ರಂಕು ತೆರೆದಳು. ಹತ್ತಿ ಬಿಡಿಸಿ, ಚಪ್ಪಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ್ತಿಲ ಪಕ್ಕದಲ್ಲಿ, ಮನೆಯವರ ಚಪ್ಪಲಿಗಳ ಸಾಲಿನಲ್ಲಿ ಇಟ್ಟಳು.

ಹಯಾತ್ ಸಾಬ್ ಅದನ್ನು ನೋಡಿದ. ಕೊಡತಿ ಎತ್ತಿದ ಕೈ ಹಾಗೇ ನಿಂತಿತು. “ಇದೇನೇ ಇದು? ಸತ್ತೋರ ಚಪ್ಪಲಿ ಹೊಸ್ತಿಲಾಗ ಯಾಕ ಇಟ್ಟಿ?”

ಮಾಬೂಬೀ ತಿರುಗುವುದರೊಳಗೆ ರಶೀದಾ ಅಪ್ಪನ ಹೆಗಲಿಗೆ ಜೋತುಬಿದ್ದು ಶುರು ಮಾಡಿತು. “ಅಪ್ಪಾ, ತಟ್ಟೆ ಮ್ಯಾಲೆ ಒಂದು ತಲೆ ಇತ್ತು. ಅದಕ್ಕೆ ಅವ್ವ ಕಪಾಳಕ್ಕೆ ಹೊಡೆದಾಳಂತೆ, ಅಣ್ಣ ಸಂದಿಯಾಗಿಂದ ನೋಡಿದ. ಅದರ ಹೆಸರು ಗುಲ್ಷನ್ ಅಂತೆ. ಅದು ನಮ್ಮ ಚಿಕ್ಕವ್ವ ಅಂತೆ. ಅದಕ್ಕೂ ನನ್ನಂಗೇ ಊದಾಕೆ ಬರ್ತೈತೆ.”

ಹಯಾತ್ ಸಾಬ್ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಾಯಿಗೆ ಅದುಮಿಕೊಂಡು, ಹೌದು ಎಂದು ತಲೆಯಾಡಿಸಿದಳು. ಅವನು ಮಗುವನ್ನೇ ಕೇಳಿದ.

“ಕಾಲು... ಕಾಲು ಅದಾವೇನವ್ವಾ?”

“ಎರಡೂ ಅದಾವೆ ಅಪ್ಪಾ. ಅದೇ ಮೋಸ.”

ಹಯಾತ್ ಸಾಬ್ ಬಿಲ್ಲನ್ನು ಕೆಳಗಿಟ್ಟು, ಎದ್ದು ಹೊಸ್ತಿಲ ಹತ್ತಿರ ಬಂದ. ಬಗ್ಗಿ, ಸಾಲಿನಿಂದ ತುಸು ಸರಿದಿದ್ದ ಆ ಚಪ್ಪಲಿಯನ್ನು, ಒಳಗೆ ಬರುವವರ ಕಾಲಿಗೆ ತಡೆಯಾಗದ ಹಾಗೆ ಜೋಡಿಸಿ ಇಟ್ಟ.